ಯಾರ ಮನಸ್ಸನ್ನೂ ನೋಯಿಸದವನು

ಪ್ಲಮ್ ಹಣ್ಣನ್ನು ಸೀಳಿ ಬೀಜ ತೆಗೆಯುವಾಗ ಎರಡು ಹೋಳು ಪೂರ್ತಿ ಬೇರೆಯಾಗಬಾರದು, ಬೆನ್ನಿನ ಕಡೆ ಕೂಡಿಕೊಂಡೇ ಇರಬೇಕು ಎಂದು ಇರ್ಮೆಲಾ ಎಷ್ಟೋ ಸಲ ಹೇಳಿಕೊಟ್ಟಿದ್ದಳು. ಆದರೂ ಫೋಲ್ಕ್‌ಮಾರ್ ಗೆರ್ಡಿಂಗ್‌ನ ಚಾಕು ಆಗಾಗ ದಾರಿ ತಪ್ಪುತ್ತಿತ್ತು. ತುಂಡಾದದ್ದನ್ನು ಅವಳಿಗೆ ಕಾಣದಂತೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅವಳು ಬೆನ್ನು ತಿರುಗಿಸಿಕೊಂಡು ಹಿಟ್ಟು ನಾದುತ್ತಲೇ, "ಇನ್ನೂ ಎಷ್ಟು ತಿಂತೀಯ? ಕೇಕಿಗೆ ಒಂದಿಷ್ಟು ಉಳಿಸು," ಎಂದಳು. ಅವನು ಸಿಕ್ಕಿಬಿದ್ದವನಂತೆ ನಕ್ಕ. ಒಂದು ಕಾಲಕ್ಕೆ ಒಂದಿಡೀ ಡಿವಿಷನ್ ಸೈನ್ಯ ಅವನ ಮಾತಿಗೆ ಏಳುತ್ತಿತ್ತು, ಕೂರುತ್ತಿತ್ತು. ಈಗ ವೇಸರ್ ನದಿಯ ದಂಡೆಯ ಪುಟ್ಟ ಊರಿನಲ್ಲಿ, ಬೇಕರಿಯ ಮೇಲಿನ ಬಾಡಿಗೆ ಮನೆಯಲ್ಲಿ, ಅವನು ಹೆಂಡತಿ ಬೆನ್ನು ತಿರುಗಿಸಿಕೊಂಡೇ ಕೊಡುವ ಅಪ್ಪಣೆಗೆ ನಡೆಯುತ್ತಿದ್ದ. ಅದರಲ್ಲಿ ಅವನಿಗೆ ಸುಖವೂ ಇತ್ತು. ಬ್ರಿಟಿಷರ ಸೆರೆಯಿಂದ ಬಿಡುಗಡೆಯಾಗಿ ಬಂದ ಮೇಲೆ ಅವನು ಕಲಿತದ್ದೆಲ್ಲ ಈ ಅಡುಗೆಮನೆಯಲ್ಲೇ: ಆಲೂಗಡ್ಡೆ ಸಿಪ್ಪೆ ತೆಗೆಯುವುದು, ಒಲೆಯ ಬೂದಿ ಎತ್ತುವುದು, ಅವಳು ಪಿಯಾನೊ ಪಾಠ ಹೇಳುವಾಗ ಸದ್ದಿಲ್ಲದೆ ಓಡಾಡುವುದು. ಇವತ್ತು ಮಾತ್ರ ಬೆಳಗ್ಗೆ ಎದ್ದಾಗಿನಿಂದ ಎದೆಯ ಕೆಳಗೆ ಏನೋ ಒಂದು ಕೂತಿತ್ತು. ನೋವಲ್ಲ. ಯಾರೋ ಬಾಗಿಲು ತಟ್ಟಿ, ಇವನು ಎದ್ದು ಬರಲಿ ಎಂದು ಸುಮ್ಮನೆ ನಿಂತ ಹಾಗೆ.

ಮಧ್ಯಾಹ್ನ ಇಬ್ಬರು ಬರುವವರಿದ್ದರು. ಒಬ್ಬ ಹಾರ್ಟ್‌ವಿಗ್ ಲಾಂಬೆಕ್. ಯುದ್ಧದಲ್ಲಿ ಅವನ ಕೈಕೆಳಗೆ ಸಾಮಾನು ಸರಂಜಾಮಿನ ಅಧಿಕಾರಿಯಾಗಿದ್ದವನು, ಮಗನಿಲ್ಲದ ಈ ಮನೆಗೆ ಮಗನಂಥವನು. ಇನ್ನೊಬ್ಬರು ಡಾಕ್ಟರ್ ಫೆಡರ್ಸನ್. ಯುದ್ಧ ಸೋತು ವರ್ಷಗಳಾದ ಮೇಲೆ ಸರ್ಕಾರ ದೇಶಕ್ಕೆ ಹೊಸ ಸೈನ್ಯ ಕಟ್ಟುತ್ತಿತ್ತು. ಹಳೆಯ ಅಧಿಕಾರಿಗಳಲ್ಲಿ ಯಾರನ್ನು ತೆಗೆದುಕೊಳ್ಳಬಹುದು, ಯಾರ ಕೈ ಶುದ್ಧವಾಗಿದೆ ಎಂದು ವಿಚಾರಿಸುವ ಸಮಿತಿಯ ಪರವಾಗಿ ಅವರು ಊರೂರು ತಿರುಗುತ್ತಿದ್ದರು. ಲಾಂಬೆಕ್ ಅರ್ಜಿ ಹಾಕಿದ್ದ. ಅವನ ಬಗ್ಗೆ ಹೇಳಬೇಕಾದವನು ಗೆರ್ಡಿಂಗ್. "ನಿನಗೇನು ಕಷ್ಟ? ಹಾರ್ಟ್‌ವಿಗ್ ಬಗ್ಗೆ ಒಳ್ಳೇದು ಬಿಟ್ಟು ಬೇರೆ ಏನಿದೆ ಹೇಳೋಕೆ?" ಎಂದಿದ್ದಳು ಇರ್ಮೆಲಾ. ಅದು ನಿಜವೇ. ಆದರೆ ಆ ನಿಜ ತನ್ನ ಹಿಂದೆ ಇನ್ನೊಂದನ್ನು ಎಳೆದುಕೊಂಡೇ ಬರುತ್ತಿತ್ತು.

ಹಣ್ಣು ಜೋಡಿಸಿದ ದೊಡ್ಡ ತಟ್ಟೆಯನ್ನು ಎತ್ತಿಕೊಂಡು ಅವನು ಕೆಳಗಿನ ಬೇಕರಿಗೆ ಇಳಿದ. ಊರಿನ ಎಲ್ಲರ ಕೇಕೂ ಅಲ್ಲಿನ ಒಲೆಯಲ್ಲೇ ಬೇಯುವುದು. ಬೇಕರಿಯ ಯಜಮಾನಿ ಫ್ರೌ ಹೆನ್ನೀಸ್ ತಟ್ಟೆ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯೋ ಹೆರ್ ಜನರಲ್, ನಿಮ್ಮ ಸೈನ್ಯ ಈ ಸಲ ಸಾಲು ತಪ್ಪಿದೆಯಲ್ರೀ! ಆ ಮೂಲೇಲಿರೋರು ಆಗಲೇ ಶರಣಾಗಿದಾರೆ ನೋಡಿ." ಅಂಗಡಿಯಲ್ಲಿದ್ದ ಹೆಂಗಸರು ನಕ್ಕರು. ಅವನೂ ನಕ್ಕು ಟೋಪಿ ಎತ್ತಿದ. ಎಲ್ಲರೂ ಅವನನ್ನು ಇಷ್ಟಪಡುತ್ತಿದ್ದರು. ಮೊದಲಿನಿಂದಲೂ ಹಾಗೆಯೇ. ಎಳೆಯ ಲೆಫ್ಟಿನೆಂಟ್ ಆಗಿದ್ದಾಗ ರೆಜಿಮೆಂಟಿನ ಕುದುರೆಗಳು ಕೂಡ ಅವನನ್ನು ಕಂಡರೆ ಕಿವಿ ನಿಮಿರಿಸುತ್ತಿದ್ದವು. ಮೇಲಿನವರಿಗೆ ಅವನು ಎದುರಾಡುತ್ತಿರಲಿಲ್ಲ, ಕೆಳಗಿನವರ ಮೇಲೆ ಕೂಗಾಡುತ್ತಿರಲಿಲ್ಲ. ಪ್ರಮಾಣವಚನದ ಮಾತು ಬದಲಾದ ಆ ಬೇಸಿಗೆಯಲ್ಲಿ, ದೇಶದ ಹೆಸರಿದ್ದ ಜಾಗಕ್ಕೆ ಅದನ್ನಾಳುವ ಒಬ್ಬ ಮನುಷ್ಯನ ಹೆಸರು ಬಂದಾಗ, ಮೈದಾನದಲ್ಲಿ ನಿಂತಿದ್ದವನು ಹೇಳಲೋ ಬೇಡವೋ ಎಂದು ತಡೆದಿದ್ದ. ಆದರೆ ಹಿಂದೆ ಸೈನಿಕರು ಸಾಲಾಗಿ ನಿಂತಿದ್ದರು, ಅವರಿಗೆ ಗಲಿಬಿಲಿಯಾಗಬಾರದು. ಅವನ ಧ್ವನಿ ಚೆನ್ನಾಗಿತ್ತು. ಉಳಿದವರಿಗಿಂತ ಸ್ಪಷ್ಟವಾಗಿಯೇ ಹೇಳಿದ.

ಆಮೇಲೆ ಕರ್ನಲ್ ಟೀಲೆಮಾನ್. ರೆಜಿಮೆಂಟಿನ ಮುಖ್ಯಸ್ಥರು, ಗೆರ್ಡಿಂಗ್‌ಗೆ ನಕ್ಷೆ ಓದುವುದನ್ನು ಕಲಿಸಿದವರು. ಹೆಂಡತಿ ಯೆಹೂದಿ ಮನೆತನದವಳೆಂದು ಅವರನ್ನು ಸೈನ್ಯದಿಂದ ತೆಗೆದುಹಾಕಿದರು. ಅವರ ಜಾಗ ಗೆರ್ಡಿಂಗ್‌ಗೆ ಬಂತು. ಜಾಗದ ಜೊತೆ ಅವರ ಮನೆಯೂ ಬಂತು, ಮನೆಯ ಜೊತೆ ಕಿಟಕಿಗಳ ಪರದೆಗಳೂ ಬಂದವು. "ಬಿಚ್ಚೋದು ಯಾಕೆ, ನಿಮ್ಮ ಕಿಟಕಿಗೆ ಅಳತೆ ಸರಿಯಾಗಿದೆ, ಇಟ್ಕೊಳ್ಳಿ," ಎಂದು ಟೀಲೆಮಾನರ ಹೆಂಡತಿ ಇರ್ಮೆಲಾಳ ಕೈಹಿಡಿದು ಹೇಳಿದ್ದಳು. ಹೊರಡುವ ದಿನ ಟೀಲೆಮಾನರು ಮೆಟ್ಟಿಲ ಬಳಿ ನಿಂತು ಅವನ ಮುಖ ನೋಡಿದರು. ಏನಾದರೂ ಹೇಳುತ್ತಾನೆಂದು ಕಾದರು. ಅವನು, "ಪ್ರಯಾಣಕ್ಕೆ ಹವೆ ಚೆನ್ನಾಗಿದೆ," ಎಂದ. ಅವರು ತಲೆ ಆಡಿಸಿ, "ಹೌದಪ್ಪ, ಚೆನ್ನಾಗಿದೆ," ಎಂದರು. ಅವರನ್ನು ಇನ್ನಷ್ಟು ನೋಯಿಸಬಾರದೆಂದೇ ಹಾಗೆ ಹೇಳಿದ್ದು ಎಂದು ಅವನು ಬಹಳ ಕಾಲ ನಂಬಿದ್ದ. ಆ ಪರದೆಗಳು ಹಳದಿ ಬಣ್ಣದವು. ಬೆಳಗಿನ ಹೊತ್ತು ಅವುಗಳ ಮೂಲಕ ಬರುವ ಬೆಳಕಿನಲ್ಲಿ ಇರ್ಮೆಲಾ ತುಂಬ ಚೆಲುವಾಗಿ ಕಾಣುತ್ತಿದ್ದಳು.

"ಹೆರ್ ಜನರಲ್, ತಟ್ಟೆ ಬಿಡಿ. ನಾನು ಹಿಡ್ಕೊಂಡಿದೀನಿ," ಎಂದಳು ಫ್ರೌ ಹೆನ್ನೀಸ್.

ಲಾಂಬೆಕ್ ಊಟದ ಹೊತ್ತಿಗೇ ಬಂದ. ಹೊಲಿಗೆ ಯಂತ್ರ ಮಾರುವ ಕಂಪನಿಯಲ್ಲಿ ಕೆಲಸ ಅವನದು. ಮಾರುವುದಕ್ಕಿಂತ ಹೆಂಗಸರ ಹಳೆಯ ಯಂತ್ರಗಳನ್ನು ಪುಕ್ಕಟೆ ರಿಪೇರಿ ಮಾಡಿಕೊಡುವುದೇ ಹೆಚ್ಚು. ಬಂದವನೇ ಇರ್ಮೆಲಾಳ ಕೈಗೆ ಮುತ್ತಿಟ್ಟು, "ಫ್ರೌ ಜನರಲ್, ನೀವು ಪ್ರತಿ ಸಲ ಒಂದು ವರ್ಷ ಚಿಕ್ಕೋರಾಗ್ತಿದೀರ. ಹಿಂಗೇ ಆದ್ರೆ ನಿಮ್ಮನ್ನ ಸ್ಕೂಲಿಗೆ ಸೇರಿಸ್ಬೇಕಾಗುತ್ತೆ," ಎಂದ. ಅವಳು ಹಿಟ್ಟಿನ ಕೈಯಿಂದಲೇ ಅವನ ಕಿವಿ ಹಿಂಡಿದಳು. ಗೆರ್ಡಿಂಗ್ ನೋಡುತ್ತ ನಿಂತ. ಈ ಮನುಷ್ಯ ತನ್ನನ್ನು ಬೆನ್ನ ಮೇಲೆ ಹೊತ್ತು ಹೆಪ್ಪುಗಟ್ಟಿದ ನದಿಯನ್ನು ದಾಟಿಸಿದ್ದ. ಕಾಲಿಗೆ ಗುಂಡು ತಾಗಿದ್ದ ತಾನು ಅವನ ಕಿವಿಯಲ್ಲಿ, "ಬಿಟ್ಟು ಹೋಗು ಲಾಂಬೆಕ್, ಇದು ಅಪ್ಪಣೆ," ಎಂದಿದ್ದ. ಅವನು ಏದುಸಿರು ಬಿಡುತ್ತ, "ನಿಮ್ಮ ಅಪ್ಪಣೆ ಈ ಕಿವಿಗೆ ಕೇಳಿಸ್ಲಿಲ್ಲ, ಆ ಕಡೆ ಕಿವಿಗೆ ಹೇಳಿ," ಎಂದಿದ್ದ. ಅವನು ಅಪ್ಪಣೆ ಮೀರಿದ್ದು ಅದೊಂದೇ ಸಲ.

ಊಟವಾದ ಮೇಲೆ ಇಬ್ಬರೂ ನದಿಯ ದಂಡೆಯಲ್ಲಿ ನಡೆದರು. ಮರಳು ಹೇರಿದ ದೋಣಿಯೊಂದು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಲಾಂಬೆಕ್ ಅದನ್ನೇ ನೋಡುತ್ತ ಮಾತು ತೆಗೆದ.

"ಆ ಫೆಡರ್ಸನ್ ಲಾರಿ ವಿಷಯ ಕೇಳ್ತಾರೆ, ಹೆರ್ ಜನರಲ್."

"ಯಾವ ಲಾರಿ?" ಎಂದ ಗೆರ್ಡಿಂಗ್. ಯಾವ ಲಾರಿ ಎಂದು ಅವನಿಗೆ ಗೊತ್ತಿತ್ತು.

"ಇಟ್ಟಿಗೆ ಗೂಡಿನ ಲಾರಿ. ಯಾರೋ ಬಾಯಿಬಿಟ್ಟಿದಾರೆ. ಅದಕ್ಕೆ ನಾನೊಂದು ಯೋಚ್ನೆ ಮಾಡಿದೀನಿ. ಆ ವಾರ ನಮ್ಮ ಲಾರಿ ಎಲ್ಲಾ ಸೇತುವೆ ಕೆಲಸಕ್ಕೆ ಹೋಗಿದ್ವು ಅಂದ್ಬಿಡಿ. ಸೇತುವೆ ಕೆಲಸ ನಡೀತಿದ್ದದ್ದು ನಿಜ ತಾನೆ. ಯಾರ ಲಾರಿ ಹೋಯ್ತು ಅಂತ ಈಗ ಯಾರಿಗೆ ಗೊತ್ತಾಗುತ್ತೆ? ಅಷ್ಟಂದ್ರೆ ಸಾಕು."

"ನೀನು ಅವತ್ತು ನನ್ನ ಕೋಣೆಗೆ ಬಂದಿದ್ದೆ."

"ಅದೆಲ್ಲ ಬೇಡ."

"ಬಂದು, ಲಾರಿಗಳ ಅಚ್ಚು ಮುರಿದಿದೆ ಅಂತ ಹೇಳ್ಲಾ ಅಂದಿದ್ದೆ."

ಲಾಂಬೆಕ್ ಬಗ್ಗಿ ಒಂದು ಚಪ್ಪಟೆ ಕಲ್ಲು ಹೆಕ್ಕಿ ನೀರಿಗೆ ಎಸೆದ. ಅದು ಪುಟಿಯದೆ ಮುಳುಗಿತು. "ನಾನು ನನಗೋಸ್ಕರ ಮಾತ್ರ ಹೇಳ್ತಿಲ್ಲ. ನೀವು ನಿಜ ಹೇಳಿದ್ರೆ ನಾಳೆ ನಿಮ್ಮ ಹೆಸರು ಪೇಪರಿಗೆ ಬರುತ್ತೆ. ಫ್ರೌ ಜನರಲ್ ಹತ್ರ ಪಿಯಾನೊ ಕಲಿಯೋಕೆ ಯಾರು ಮಕ್ಕಳನ್ನ ಕಳಿಸ್ತಾರೆ? ನಿಮಗೆ ನನ್ನ ಅಪ್ಪನ ವಯಸ್ಸು. ನೆಮ್ಮದಿಯಾಗಿರಿ. ನನಗೆ ಬೇಕಾಗಿರೋದು ಅದೇ." ಹೀಗೆ ಹೇಳುವಾಗ ಅವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಗೆರ್ಡಿಂಗ್ ಅವನ ಭುಜದ ಮೇಲೆ ಕೈಯಿಟ್ಟ. ಕೈಯಿಟ್ಟದ್ದೇ ಒಪ್ಪಿಗೆಯಾಯಿತೆಂದು ಲಾಂಬೆಕ್‌ಗೆ ಅನ್ನಿಸಿರಬೇಕು. ಅವನ ಮುಖ ಹಗುರವಾಯಿತು. ತನ್ನ ಜೀವಮಾನದಲ್ಲಿ ಎಷ್ಟು ಒಪ್ಪಿಗೆಗಳು ಹೀಗೆಯೇ ಆಗಿಹೋದವು ಎಂದು ಗೆರ್ಡಿಂಗ್ ಯೋಚಿಸಿದ. ಬಾಯಿಂದ ಏನೂ ಹೇಳದೆ, ಒಂದು ಭುಜ, ಒಂದು ಮುಗುಳ್ನಗೆ, ಬಾಗಿಲಲ್ಲಿ ಯಾರನ್ನೋ ಮುಂದೆ ಹೋಗಲು ಬಿಟ್ಟ ಸೌಜನ್ಯ.

ಯುದ್ಧದ ಕಾಲದಲ್ಲಿ, ಇಟ್ಟಿಗೆ ಗೂಡಿದ್ದ ಆ ಊರಿನಲ್ಲಿ ಅವನು ಇಳಿದುಕೊಂಡಿದ್ದದ್ದು ಶಾಲಾ ಮಾಸ್ತರರ ಮನೆಯಲ್ಲಿ. ಯುಕ್ರೇನಿನ ಆ ಪುಟ್ಟ ಊರಿನ ಹೆಸರು ಅವನ ನಾಲಿಗೆಗೆ ಸರಿಯಾಗಿ ತಿರುಗಿದ್ದೇ ಇಲ್ಲ. ಆಳುವ ಪಕ್ಷದ ಎಸ್‌ಎಸ್ ಪಡೆಯ ಅಧಿಕಾರಿ ಬೆಳಗ್ಗೆ ಬಂದಿದ್ದ. ಎಳೆಯ ವಯಸ್ಸು, ವಕೀಲಿ ಓದಿದವನು, ಮಾತಿಗೆ ಮೊದಲು ಬೂಟಿನ ಕೆಸರು ಒರೆಸಿಕೊಂಡು ಒಳಗೆ ಬಂದ. ಊರಿನ ಯೆಹೂದಿಗಳನ್ನು ಇಟ್ಟಿಗೆ ಗೂಡಿನ ಗುಂಡಿಗಳವರೆಗೆ ಸಾಗಿಸಬೇಕು, ತನ್ನ ಹತ್ತಿರ ಗಾಡಿಗಳು ಸಾಲವು, ಡಿವಿಷನ್ನಿನ ಲಾರಿಗಳು ಸ್ವಲ್ಪ ಹೊತ್ತಿಗೆ ಸಿಗಬಹುದೇ ಎಂದು ಕೇಳಿದ. ಗುಂಡಿಗಳ ಬಳಿ ಏನಾಗುತ್ತದೆಂದು ಅವನು ಹೇಳಲಿಲ್ಲ. ಗೆರ್ಡಿಂಗ್ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ನೋಡೋಣ ಎಂದು ಹೇಳಿ ಕಳಿಸಿದ. ಆಮೇಲೆ ಲಾಂಬೆಕ್ ಬಂದು ಬಾಗಿಲು ಮುಚ್ಚಿಕೊಂಡು, "ಅಚ್ಚು ಮುರಿದಿದೆ ಅಂತೀನಿ. ಅರ್ಧ ನಿಜಾನೂ ಹೌದು. ನೀವು ಏನೂ ಹೇಳಬೇಡಿ, ಸುಮ್ನಿರಿ ಸಾಕು," ಎಂದ. ಸುಮ್ಮನಿದ್ದರೆ ಸಾಕಿತ್ತು. ಅಷ್ಟು ಸುಲಭವಾಗಿ ಒಂದು ದಾರಿಯನ್ನು ಯಾರೂ ಅವನ ಕೈಗೆ ತಂದುಕೊಟ್ಟಿರಲಿಲ್ಲ. ಆದರೆ ಆ ಸಂಜೆ ಅವನ ಮೇಲಧಿಕಾರಿ ಕೋರ್ ಕಮಾಂಡರ್ ಊಟಕ್ಕೆ ಬರುವವರಿದ್ದರು. ಅವರಿಗೆ ಗೆರ್ಡಿಂಗ್ ಮೇಲೆ ಪ್ರೀತಿ. ಬಡ್ತಿಯ ಮಾತು ನಡೆದಿತ್ತು. ಎಸ್‌ಎಸ್‌ನವರು ದೂರು ಕೊಟ್ಟರೆ ಊಟದ ಮೇಜಿನಲ್ಲಿ ಆ ಮಾತು ಬರುತ್ತದೆ, ಆ ಮುದುಕ ಮೇಲಧಿಕಾರಿಯ ಮುಖ ಬಾಡುತ್ತದೆ. ಆ ಬಾಡಿದ ಮುಖ ಅವನ ಕಣ್ಣ ಮುಂದೆ ಬಂತು. ಬೇರೆ ಯಾವ ಮುಖವೂ ಬರಲಿಲ್ಲ. "ಕೊಟ್ಬಿಡು ಲಾಂಬೆಕ್, ಜಗಳ ಯಾಕೆ," ಎಂದ. ಚಳಿಗಾಲಕ್ಕೆ ಮೊದಲೇ ಬಡ್ತಿ ಬಂತು. ಇರ್ಮೆಲಾ ಹಳದಿ ಪರದೆಯ ಕೋಣೆಯಲ್ಲಿ ಅಕ್ಕಪಕ್ಕದವರನ್ನು ಕರೆದು ಕಾಫಿ ಕೊಟ್ಟಳಂತೆ.

ಹೇಳಿದ ಹೊತ್ತಿಗೆ ಬಂದ ಡಾಕ್ಟರ್ ಫೆಡರ್ಸನ್ ಸಣ್ಣ ಆಳು, ಮೊದಲು ಶಾಲೆಯಲ್ಲಿ ಲ್ಯಾಟಿನ್ ಹೇಳಿಕೊಡುತ್ತಿದ್ದರಂತೆ. ನೆಗಡಿಯಾಗಿತ್ತು. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಕ್ಷಮೆ ಕೇಳಿದರು, ಕುರ್ಚಿ ಎಳೆದ ಸದ್ದಿಗೂ ಕ್ಷಮೆ ಕೇಳಿದರು. ಲಾಂಬೆಕ್ ಎದುರಿಗಿರುವುದು ಸರಿಯಲ್ಲವೆಂದು ಬೇಕರಿಗೆ ಇಳಿದು ಫ್ರೌ ಹೆನ್ನೀಸಳ ಹೊಲಿಗೆ ಯಂತ್ರ ಬಿಚ್ಚಿಕೊಂಡು ಕೂತಿದ್ದ. ನೆಲದ ಹಲಗೆಗಳ ಕೆಳಗಿನಿಂದ ಅವನ ಸಿಳ್ಳೆ ಕೇಳಿಸುತ್ತಿತ್ತು. ಇರ್ಮೆಲಾ ಕೇಕಿನ ತುಂಡುಗಳನ್ನಿಟ್ಟು, ಕಾಫಿ ಬಗ್ಗಿಸಿ, ಪಿಯಾನೊ ಮುಂದಿನ ಸ್ಟೂಲಿನ ಮೇಲೆ ಕೂತಳು. ಗೆರ್ಡಿಂಗ್ ಲಾಂಬೆಕ್‌ನ ಧೈರ್ಯ, ದಕ್ಷತೆ, ಸೈನಿಕರ ಮೇಲೆ ಅವನಿಗಿದ್ದ ಅಕ್ಕರೆ ಎಲ್ಲವನ್ನೂ ಹೇಳಿದ. ನದಿ ದಾಟಿಸಿದ ಕತೆ ಹೇಳುವಾಗ ಫೆಡರ್ಸನ್ ಬರೆಯುವುದನ್ನು ಬಿಟ್ಟು ಕೇಳಿದರು. ಆಮೇಲೆ ಮೂಗು ಒರೆಸಿಕೊಂಡು, ಸಂಕೋಚದಿಂದಲೇ ಲಾರಿಗಳ ವಿಷಯ ಎತ್ತಿದರು.

"ಲಾಂಬೆಕ್ ಅವರು ಹೇಳೋ ಪ್ರಕಾರ ಆ ವಾರ ಲಾರಿಗಳು ಸೇತುವೆ ಕೆಲಸದಲ್ಲಿದ್ವು. ನೀವೂ ಹಾಗೇ ಹೇಳ್ತೀರ ಅಂದ್ಕೊಳ್ಳಲಾ, ಹೆರ್ ಜನರಲ್?"

ಹೌದು ಎನ್ನುವ ಮಾತು ಅವನ ಬಾಯಲ್ಲಿ ತಾನಾಗಿಯೇ ಬಂದು ನಿಂತಿತ್ತು. ಆ ಮಾತಿಗೆ ರೂಢಿಯಿತ್ತು. ಅದರ ಹಿಂದೆ ಕೆಳಗಿನ ಸಿಳ್ಳೆಯಿತ್ತು, ಸ್ಟೂಲಿನ ಮೇಲೆ ಮಡಿಲಲ್ಲಿ ಕೈಯಿಟ್ಟು ಕೂತವಳಿದ್ದಳು, ನೆಗಡಿಯಾದ ಈ ಒಳ್ಳೆಯ ಮನುಷ್ಯನಿದ್ದ. ಯಾರಿಗೂ ಬೇಜಾರಾಗುವುದಿಲ್ಲ. ಬೇಜಾರಾಗಬಹುದಾದವರು ಯಾರೂ ಈ ಕೋಣೆಯಲ್ಲಿರಲಿಲ್ಲ. ಯಾವತ್ತೂ ಇರಲಿಲ್ಲ. ತಾನು ಜೀವಮಾನವಿಡೀ ನೋಯಿಸದೆ ಕಾಪಾಡಿದ್ದು ತನ್ನ ಕಣ್ಣಿಗೆ ಬೀಳುವ ಮುಖಗಳನ್ನು ಮಾತ್ರ ಎಂದು ಅವನಿಗೆ ಹೊಳೆಯಿತು. ಹೊಳೆದದ್ದರಲ್ಲಿ ದೊಡ್ಡತನವೇನೂ ಇರಲಿಲ್ಲ. ನಾಚಿಕೆಯಾಯಿತು, ಅಷ್ಟೆ.

"ಇಲ್ಲ," ಎಂದ. ಧ್ವನಿ ಕೀಚಲಾಗಿ ಬಂತು. "ಲಾರಿಗಳು ಸೇತುವೆ ಹತ್ರ ಇರ್ಲಿಲ್ಲ. ನಾನು ಕೊಟ್ಟೆ. ಎಸ್‌ಎಸ್‌ನವರಿಗೆ. ಜನರನ್ನ ಕೊಲ್ಲೋಕೆ ಕರ್ಕೊಂಡು ಹೋಗ್ತಾರೆ ಅಂತ ಗೊತ್ತಿದ್ದೇ ಕೊಟ್ಟೆ. ಲಾಂಬೆಕ್ ಬೇಡ ಅಂದಿದ್ದ. ಅಚ್ಚು ಮುರಿದಿದೆ ಅಂತ ಹೇಳ್ತೀನಿ ಅಂದಿದ್ದ. ನಾನೇ ಕೊಡು ಅಂದೆ."

ಫೆಡರ್ಸನ್ ಪೆನ್ನನ್ನು ಕೆಳಗಿಟ್ಟರು. ಇರ್ಮೆಲಾಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಹೆರ್ ಜನರಲ್, ಎಷ್ಟೋ ವರ್ಷದ ಹಿಂದಿನ ಮಾತು. ನೀವು ಈಗ ಕೈದಿ ಅಲ್ಲ, ಇದು ಕೋರ್ಟೂ ಅಲ್ಲ. ಸರಿಯಾಗಿ ನೆನಪಿಲ್ಲ ಅಂತ ಬರ್ಕೊಂಡ್ರೆ ನಿಮಗೂ ಒಳ್ಳೇದು. ಇನ್ನೊಂದ್ಸಲ ಕೇಳ್ತೀನಿ, ಯೋಚ್ನೆ ಮಾಡಿ ಹೇಳಿ."

ಎಷ್ಟು ಒಳ್ಳೆಯವರು! ಗೆರ್ಡಿಂಗ್‌ಗೆ ಅವರ ಮೇಲೆ ನಿಜವಾಗಿಯೂ ಪ್ರೀತಿ ಬಂತು, ಅವರ ಕೆಂಪು ಮೂಗಿನ ಮೇಲೆ, ಕೋಟಿನ ಸವೆದ ತೋಳಿನ ಮೇಲೆ. ಆ ಪ್ರೀತಿಗೆ ಸೋಲಬಾರದೆಂದು ಮೇಜಿನ ಅಂಚನ್ನು ಹಿಡಿದುಕೊಂಡ. "ನೆನಪಿದೆ. ನಾನು ಹೇಳಿದ ಹಾಗೇ ಬರ್ಕೊಳ್ಳಿ," ಎಂದ. ಅವರು ಬರೆದುಕೊಂಡರು. ಓದಿ ಹೇಳಿದರು. ಕೇಕ್ ಬಹಳ ಚೆನ್ನಾಗಿತ್ತು ಎಂದು ಇರ್ಮೆಲಾಗೆ ಹೇಳಿ ಮೆಟ್ಟಿಲಿಳಿದರು. ಅವರ ತುಂಡು ತಟ್ಟೆಯಲ್ಲಿ ಹಾಗೆಯೇ ಇತ್ತು.

ಲಾಂಬೆಕ್ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಮೇಲೆ ಬಂದ. ಇಬ್ಬರ ಮುಖ ನೋಡಿ ನಗು ನಿಲ್ಲಿಸಿದ. ಗೆರ್ಡಿಂಗ್ ಎದ್ದು ನಿಂತು, ತಾನು ಬರೆಸಿದ್ದನ್ನು ಹೇಳಿದ. ಕೂತು ಹೇಳುವುದು ಸರಿಯಲ್ಲವೆನಿಸಿತ್ತು.

"ನಾನು ನಿಮ್ಮನ್ನ ನಿಜ ಹೇಳಿ ಅಂತ ಕೇಳಿದ್ನಾ?" ಎಂದ ಲಾಂಬೆಕ್. "ಲಾಂಬೆಕ್ ಬೇಡ ಅಂದಿದ್ದ, ಆದ್ರೂ ಕೊಟ್ಟ ಅಂತ ಬರ್ಕೊಂಡ್ರಲ್ಲ? ಅದಕ್ಕೇನು ಅರ್ಥ? ಲಾರಿ ಹತ್ತಿಸಿದೋನು ನಾನೇ ತಾನೆ? ಗೊತ್ತಿದ್ದೂ ಹತ್ತಿಸಿದೋನು!" ಒರೆಸಿದ ಬೆರಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. "ಅವತ್ತು ಒಂದೇ ಒಂದು ಸಲ ಸುಮ್ನಿರಿ ಅಂದೆ, ನೀವು ಬಾಯಿಬಿಟ್ರಿ. ಇವತ್ತೂ ಅದನ್ನೇ ಕೇಳ್ದೆ. ಇವತ್ತೂ ಬಾಯಿಬಿಟ್ರಿ."

"ಹಾರ್ಟ್‌ವಿಗ್..."

"ನನಗೆ ಈ ಹೊಲಿಗೆ ಯಂತ್ರದ ಕೆಲಸ ಒಗ್ಗೋದಿಲ್ಲ, ಹೆರ್ ಜನರಲ್. ಮಾರೋಕೆ ಬರೋದಿಲ್ಲ. ನನಗೆ ಬರೋದು ಸೈನ್ಯ ಒಂದೇ." ಅಳು ಬಂತು ಅವನಿಗೆ, ದೊಡ್ಡ ಗಂಡಸಿನ ಒರಟು ಅಳು. ಗೆರ್ಡಿಂಗ್‌ನ ಕೈ ಅವನ ಭುಜದ ಕಡೆಗೆ ಎದ್ದಿತು. ತಾನೇ ಅದನ್ನು ತಡೆದು ಪಕ್ಕಕ್ಕೆ ಇಳಿಬಿಟ್ಟ. ಈ ಸಲ ಏನನ್ನೂ ಸರಿಮಾಡಬಾರದು. ತಾನು ಅತ್ಯಂತ ಪ್ರೀತಿಸುವವರಲ್ಲಿ ಒಬ್ಬನನ್ನು ನೋಯಿಸಿ, ಆ ನೋವನ್ನು ನೋಡುತ್ತ ನಿಲ್ಲುವುದು ಅವನಿಗೆ ಗೊತ್ತೇ ಇರಲಿಲ್ಲ. ಅರವತ್ತೆಂಟರ ವಯಸ್ಸಿನಲ್ಲಿ ಅದನ್ನು ಕಲಿಯುತ್ತಿದ್ದ. ಲಾಂಬೆಕ್ ಟೋಪಿ ತೆಗೆದುಕೊಂಡ. ಬಾಗಿಲಲ್ಲಿ ಇರ್ಮೆಲಾ ಅವನ ಕೆನ್ನೆ ಮುಟ್ಟಿದಳು, ಅವನು ಮುಟ್ಟಿಸಿಕೊಂಡ. ಬೀದಿಯಲ್ಲಿ ಅವನ ಸಣ್ಣ ಕಾರು ಎರಡು ಸಲ ಕೆಮ್ಮಿ ಆಮೇಲೆ ಹೊರಟಿತು.

ಇರ್ಮೆಲಾ ಬಟ್ಟಲುಗಳನ್ನು ಎತ್ತಿಟ್ಟಳು. ಮೇಜು ಒರೆಸಿದಳು. ಒರೆಸಿದ್ದನ್ನೇ ಇನ್ನೊಂದು ಸಲ ಒರೆಸಿದಳು. ಅವನು ಕಾಯುತ್ತಿದ್ದ. ಅವಳು ಬೈಯಬಹುದು, ಅಳಬಹುದು, ಅಕ್ಕನ ಮನೆಗೆ ಹೋಗುತ್ತೇನೆ ಎನ್ನಬಹುದು. ಅವಳು ಮೇಜಿಗೆ ಕೈಯೂರಿ ಕೇಳಿದಳು:

"ಆ ಬಡ್ತಿ ಬಂತಲ್ಲ, ಆಗಲೇನಾ ಇದು?"

"ಆಗಲೇ."

"ನಾನು ಜನರನ್ನ ಕರೆದು ಕಾಫಿ ಕೊಟ್ಟೆ."

"ನಿನಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ, ಹೌದು. ಕೇಳ್ಲೂ ಇಲ್ಲ. ನೀನು ರಜಕ್ಕೆ ಬಂದಾಗ ರಾತ್ರಿಯೆಲ್ಲ ಹೊರಳಾಡ್ತಿದ್ದೆ. ಏನಾಯ್ತು ಅಂತ ಒಂದು ದಿನ ಕೇಳ್ಲಿಲ್ಲ ನಾನು. ಹಾಲು ಬಿಸಿಮಾಡಿ ಕೊಟ್ಟೆ." ಅವಳು ಎದುರಿನ ಕುರ್ಚಿ ಬಿಟ್ಟು ಅವನ ಪಕ್ಕದ ಕುರ್ಚಿ ಎಳೆದು ಕೂತಳು. ಕೈಹಿಡಿಯಲಿಲ್ಲ. "ಈಗ ಕೇಳ್ತಿದೀನಿ. ಹೇಳು."

ಅವನು ಗಂಟಲು ಸರಿಮಾಡಿಕೊಂಡ. "ಅದರ ಹಿಂದಿನ ವಾರ ಪೂರ್ತಿ ರಸ್ತೆ ಕೆಟ್ಟುಹೋಗಿತ್ತು. ಡಿವಿಷನ್‌ನಲ್ಲಿ ಓಡೋ ಸ್ಥಿತಿಲಿದ್ದ ಗಾಡಿಗಳು..."

"ರಸ್ತೆ ಬೇಡ, ಫೋಲ್ಕ್‌ಮಾರ್," ಎಂದಳು. "ಜನರ ವಿಷಯ ಹೇಳು."

ಜನರನ್ನು ಅವನು ನೋಡಿದ್ದು ಮಾಸ್ತರರ ಮನೆಯ ಕಿಟಕಿಯಿಂದ. ಬೀದಿಯಲ್ಲಿ ಲಾರಿಗಳು ನಿಂತಿದ್ದವು. ಹಿಂದಿನ ಹಲಗೆ ಎತ್ತರ. ಕೈಯಲ್ಲಿ ಗಂಟು ಹಿಡಿದ ಒಬ್ಬ ಮುದುಕಿಗೆ ಕಾಲು ಮೇಲಕ್ಕೆ ಎಟುಕುತ್ತಿರಲಿಲ್ಲ. ಒಮ್ಮೆ ಎತ್ತಿದಳು, ಇನ್ನೊಮ್ಮೆ ಎತ್ತಿದಳು. ಅವನ ಡ್ರೈವರುಗಳಲ್ಲಿ ಒಬ್ಬ ಇಳಿದು ಬಂದ. ಗಂಟನ್ನು ತಾನೇ ತೆಗೆದುಕೊಂಡು ಒಳಗಿಟ್ಟ, ತನ್ನ ಎರಡು ಅಂಗೈ ಜೋಡಿಸಿ ಅವಳ ಪಾದಕ್ಕೆ ಮೆಟ್ಟಿಲು ಮಾಡಿಕೊಟ್ಟ.

"ಅವಳು ಹತ್ತಿದಳು," ಎಂದ ಗೆರ್ಡಿಂಗ್. "ಹತ್ತಿ, ತಿರುಗಿ, ಅವನಿಗೆ ಥ್ಯಾಂಕ್ಸ್ ಹೇಳಿದಳು. ನಮ್ಮ ಭಾಷೇಲೇ ಹೇಳಿದಳು. ಅವನು ಟೋಪಿ ಮುಟ್ಟಿಕೊಂಡ."

ಇರ್ಮೆಲಾ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

"ನಾನು ಕಿಟಕಿಯಲ್ಲಿದ್ದೆ. ನನಗೆ ಹೆಮ್ಮೆಯಾಯ್ತು, ಇರ್ಮೆಲಾ. ನನ್ನ ಸೈನಿಕರು ಎಷ್ಟು ಸಭ್ಯರು ಅಂತ. ನಾನೇ ಅವರನ್ನ ಹಾಗೆ ತಯಾರು ಮಾಡಿದ್ದು ಅಂತ."

ಅವಳು ಎದ್ದು ಹೋಗಲಿಲ್ಲ. ಅವನ ಕಡೆ ನೋಡದೆಯೇ, "ಆಮೇಲೆ ಯಾರು ಹತ್ತಿದ್ರು?" ಎಂದಳು.